ಪ್ರೀಸ್ಟ್ ಆದವನ ಪಾಡು

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಮೊದಲು ಎದುರಾಗುವುದು ರಾಕ್ಷಸನಲ್ಲ, ಆಯ್ಕೆ. ಹಳೇ ಆವೃತ್ತಿಯಲ್ಲಿ ಪಾತ್ರಕ್ಕೆ 9 ವರ್ಗಗಳು. ಸೀರೆ ಅಂಗಡಿಯಲ್ಲಿ ಕೂತ ಹಾಗೆ ಎರಡು ಗಂಟೆ ಎಲ್ಲವನ್ನೂ ಬಿಚ್ಚಿಸಿ ನೋಡಿ, ಕೊನೆಗೆ ಪ್ರೀಸ್ಟ್ ಆದೆ. ಹಿಂದೆ ನಿಂತು ಗಾಯ ವಾಸಿ ಮಾಡುವ ಕೆಲಸ, ಆರಾಮ ಅಂದುಕೊಂಡೆ.

ಆರಾಮವೆಲ್ಲಿ ಬಂತು! ರಾಕ್ಷಸರ ಗುಹೆಯಾದ ಮೋಲ್ಟನ್ ಕೋರ್‌ಗೆ 40 ಜನರ ದಂಡು ಹೊರಟರೆ ನನ್ನದು ಮದುವೆಮನೆಯಲ್ಲಿ ಬಡಿಸುವವನ ಪಾಡು. ಯಾರ ಎಲೆ ಖಾಲಿ, ಓಡು. ರಾಕ್ಷಸನ ಮುಖವನ್ನೇ ನೋಡಲಿಲ್ಲ; ಕಂಡದ್ದು ಜೊತೆಗಾರರ ಜೀವ ತೋರಿಸುವ, ಕುಗ್ಗುವ ಹಸಿರು ಪಟ್ಟಿಗಳು ಮಾತ್ರ. ಗೆದ್ದರೆ ವಾರಿಯರ್‌ಗೆ ಜೈಕಾರ. ಸತ್ತರೆ, “ಪ್ರೀಸ್ಟ್ ನಿದ್ದೆ ಮಾಡ್ತಿದ್ನಾ?” ನಿದ್ದೆಯಲ್ಲ ಮಾರಾಯ್ರೆ, ಮಾನಾ ಅನ್ನೋ ಮಂತ್ರಶಕ್ತಿ ಖಾಲಿ! ಅದಕ್ಕೂ ಮೇಜ್ ವರ್ಗದವನ ಹತ್ತಿರ ನೀರು ಬೇಡಬೇಕು. ಪಾಪ, ಅವನಿಗೆ ಮಂತ್ರವಾದಿ ಅಂತ ಬೋರ್ಡು, ಅರ್ಧ ಕೆಲಸ ನೀರು-ಬ್ರೆಡ್ ಸರಬರಾಜು.

ಅಸಲಿಗೆ ಒಮ್ಮೆ ಎಲ್ಲರೂ ಸತ್ತಾಗ ತಪ್ಪು ನನ್ನದಲ್ಲ, ಹಂಟರ್‌ನ ಸಾಕುಕರಡಿ ಪಕ್ಕದ ರಾಕ್ಷಸರ ಗುಂಪನ್ನು ಕೆಣಕಿತ್ತು. ಬೈಯೋಣವೆಂದರೆ ಅವನು ನೆಲಕ್ಕೊರಗಿ ಸತ್ತಂತೆ ಬಿದ್ದಿದ್ದ. ಅದೂ ಅವನ ವರ್ಗದ ಅಧಿಕೃತ ವಿದ್ಯೆಯಂತೆ!

ಮುಂದಿನ ವಾರ ನಾನೂ ಹಂಟರ್ ಆದೆ. ಕರಡಿಗೆ ಹೆಸರು ಹುಡುಕುತ್ತ ಇನ್ನೆರಡು ಗಂಟೆ ಹೋಯಿತು.