ಬಯೊನೆಟ್ಟು, ಕುಡುಗೋಲು ಮತ್ತು ಒರೆ: ಮಧುಗಿರಿ ಸೀಮೆಯ ಸಂಗ್ರಹಶಾಸ್ತ್ರ

ಉದ್ದನೆಯದೊಂದರ ತುದಿಗೆ ಸಿಕ್ಕಿಸಿ, ಕೈಗೆಟುಕದ್ದನ್ನು ತಿವಿಯಲು ಇಲ್ಲವೆ ಕಡಿಯಲು ಬಳಸುವ ಅಲಗೇ ಬಯೊನೆಟ್ಟು. ಜರ್ಮನಿಯಲ್ಲಿ ಆ ಉದ್ದನೆಯದು ಬಂದೂಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಬಿದಿರಿನ ಗಳ. ಈ ಅಲ್ಪ ವ್ಯತ್ಯಾಸವನ್ನು ಬದಿಗಿಟ್ಟರೆ ಎರಡೂ ಒಂದೇ ಶಾಸ್ತ್ರದ ಕಟ್ಟಳೆಗೆ ಒಳಪಡುತ್ತವೆ.

ಮಾದರಿಗಳು: ಎರಡನೆಯ ಮಹಾಯುದ್ಧದ ಜರ್ಮನ್ ಸೈನಿಕನಿಗೆ 98ಕೆ ರೈಫಲ್ಲಿನ ಜೊತೆ ಕೊಡುತ್ತಿದ್ದುದು 84/98 ಮಾದರಿ. ಅಲಗು ಸುಮಾರು 25 ಸೆಂ.ಮೀ.; ಹಿಡಿಗೆ ಮೊದಮೊದಲು ಮರ, ಆಮೇಲೆ ಬೇಕಲೈಟ್. ಪ್ರಸ್ತುತ ಸೀಮೆಯಲ್ಲಿ ಮಾದರಿಗಳು ಇನ್ನೂ ಸಮೃದ್ಧ. ಶಿರಾ ಕಡೆಯ ಕುರಿಗಾಹಿಯ ದೋಟಿಯು ಬಯೊನೆಟ್ಟಿನ ನೇರ ದಾಯಾದಿ. ಅದರ ಗುರಿ ಜಾಲಿಯ ಸೊಪ್ಪು, ಫಲಾನುಭವಿ ಮೇಕೆ. ಕೊರಟಗೆರೆಯ ತೋಟಗಳಲ್ಲಿ ಅಡಿಕೆ ಗೊನೆಗೆ ತಕ್ಕ ಕತ್ತಿ, ಪಾವಗಡದಲ್ಲಿ ಹುಲ್ಲು ಕೊಯ್ಯುವ ಕುಡುಗೋಲು, ಮಧುಗಿರಿಯಲ್ಲಿ ಸೌದೆಯಿಂದ ಎಳನೀರಿನವರೆಗೆ ಸರ್ವವನ್ನೂ ಸಮಭಾವದಿಂದ ಕಾಣುವ ಮಚ್ಚು ಪ್ರಧಾನ.

ಗುರುತುಗಳು: ಯಾವ ಕಾರ್ಖಾನೆಯ ಮಾಲೆಂದು ಶತ್ರುವಿಗೆ ತಿಳಿಯಬಾರದೆಂದು 1940ರಿಂದ ಜರ್ಮನರು ತಯಾರಕರ ಹೆಸರಿನ ಬದಲು ಮೂರಕ್ಷರದ ಗುಪ್ತಸಂಕೇತ ಒತ್ತತೊಡಗಿದರು, ಜೋಲಿಂಗನ್ ಪಟ್ಟಣದ ಐಖೋರ್ನ್ ಕಾರ್ಖಾನೆಯದು ‘ಸಿಒಎಫ್’. ಇಲ್ಲಿನ ಕುಲುಮೆಗಳು ಈ ಗೋಪ್ಯವನ್ನು ಇನ್ನೂ ಮುಂದಕ್ಕೊಯ್ದು ಏನನ್ನೂ ಒತ್ತುವುದಿಲ್ಲ. ಆದರೂ ಕಕ್ಕು ಹಾಕಿಸಲು ಒಯ್ದ ಕುಡುಗೋಲನ್ನು ಕುಲುಮೆಯವರು ಒಮ್ಮೆ ಹೊರಳಿಸಿ ನೋಡಿ, “ಇದು ನಮ್ ಕೈದಲ್ಲ, ಅದಕ್ಕೇ ಹಿಂಗಾಗೈತೆ” ಎಂದು ತೀರ್ಪು ಕೊಡುವರು. ಈ ತೀರ್ಪಿಗೆ ಮೇಲ್ಮನವಿ ಇಲ್ಲ. ಲೋಹದ ಮೂಲವಂತೂ ನಿರ್ವಿವಾದ: ಒಳ್ಳೆಯ ಮಚ್ಚೆಲ್ಲ ಹಿಂದಿನ ಜನ್ಮದಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿ.

ಒರೆ ಮತ್ತು ತೂಗುಪಟ್ಟಿ: ಜರ್ಮನ್ ಒರೆ ಉಕ್ಕಿನದು. ಅದನ್ನು ಬೆಲ್ಟಿಗೆ ತೂಗುಹಾಕಲು ಹೊಲಿದು ರಿವೆಟ್ ಬಡಿದ ಚರ್ಮದ ಪಟ್ಟಿ, ಅದರ ಬೆನ್ನಲ್ಲಿ ತಯಾರಕನ ಮುದ್ರೆ, ಇಸವಿ. ಅಲಗಿನ ಸಂಖ್ಯೆಯೂ ಒರೆಯ ಸಂಖ್ಯೆಯೂ ಒಂದೇ ಆದರೆ ಸಂಗ್ರಾಹಕರಿಗೆ ಮೋಕ್ಷ. ಬೇರೆಯಾದರೆ ಬೆಲೆ ಇಳಿಯಿತು. ಈ ಸೀಮೆಯ ಒರೆಗಳನ್ನು ಮೂರಾಗಿ ವಿಂಗಡಿಸಬಹುದು. ಒಂದು, ಸೂರಿನ ಸಂದು: ಮಕ್ಕಳ ಕೈಗೆ ಸಿಗದು, ಬೇಕಾದಾಗ ದೊಡ್ಡವರ ಕೈಗೂ ಸಿಗದು. ಎರಡು, ಬೆನ್ನ ಹಿಂದೆ ಉಡಿದಾರ: ಧರಿಸಿದಾತ ಕೂರುವ ಮುನ್ನ ಜ್ಞಾಪಿಸಿಕೊಳ್ಳತಕ್ಕದ್ದು. ಮೂರು, ಟಿವಿಎಸ್ ಗಾಡಿಯ ಮೈಗೆ ಸೈಕಲ್ ಟ್ಯೂಬಿನಿಂದ ಬಿಗಿದ ಗೋಣಿತಟ್ಟು. ಚರ್ಮವನ್ನು ಒಣಗದಂತೆ, ಬೂಸಲು ಹಿಡಿಯದಂತೆ ಕಾಪಾಡಲು ಯೂರೋಪಿನವರು ಪಡುವ ಪಾಡನ್ನು ನೋಡಿದರೆ, ಟ್ಯೂಬಿನ ಮೇಲ್ಮೆಗೆ ಬೇರೆ ಪ್ರಮಾಣ ಬೇಡ.

ಸ್ಥಿತಿ ಮತ್ತು ಮೌಲ್ಯ: ಜರ್ಮನ್ ಬಯೊನೆಟ್ಟು ಬಳಸದೆ ಉಳಿದಷ್ಟೂ ಬೆಲೆ, ಸಾಣೆ ಹಿಡಿಸಿದರೆ ಕೆಟ್ಟಿತು. ಕುಡುಗೋಲಿಗೆ ಇದು ತಿರುವುಮುರುವು. ಸವೆದು ಬಿದಿಗೆಯ ಚಂದ್ರನಷ್ಟಾದದ್ದೇ ಕೈಗೆ ಒಗ್ಗಿದ್ದು; ಸಂತೆಯಿಂದ ತಂದ ಹೊಸದನ್ನು ಯಾರೂ ನಂಬರು. ಇದಕ್ಕೊಂದು ಅಪವಾದ ಪಾವಗಡದ ನಾಗಲಮಡಿಕೆ ಹೋಬಳಿ. ಅಲ್ಲಿ ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆ, ಕಡ್ಲೆಕಾಯಿ ಬಿಟ್ಟು 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಗುತ್ತಿಗೆಯಾಗಿದೆ. ಹೊಲವನ್ನೆಲ್ಲ ಗುತ್ತಿಗೆಗೆ ಕೊಟ್ಟ ಮನೆಯ ಕುಡುಗೋಲಿಗೆ ಕೊಯ್ಯಲು ಏನೂ ಇಲ್ಲ. ಮಾಡುತ್ತಿದ್ದ ಕೆಲಸ ತಪ್ಪಿ ಸುಮ್ಮನೆ ಇಟ್ಟುಕೊಂಡ ವಸ್ತುವೇ ಸಂಗ್ರಹವೆಂಬ ಯೂರೋಪಿನ ಲಕ್ಷಣ ಈ ಸೀಮೆಯಲ್ಲಿ ಪೂರ್ತಿ ಹೊಂದುವುದು ಇಲ್ಲಿಗೆ ಮಾತ್ರ.

ಗಳಿಕೆ: ಹರಾಜು, ಅಂಗಡಿ, ವಿನಿಮಯ ಎಂಬ ಮಾರ್ಗಗಳು ಹೊರನಾಡಿನವು. ಇಲ್ಲಿನ ಪ್ರಮಾಣಿತ ಮಾರ್ಗ ಎರವಲು. “ಅಕ್ಕಾ, ಒಂದ್ ಗಳಿಗೆ ಕುಡ್ಲು ಕೊಡಿ” ಎಂಬಲ್ಲಿ ಆರಂಭವಾದ ಗಳಿಗೆಯು ಮಹಾನವಮಿಯನ್ನು ದಾಟಿದರೆ ವಸ್ತು ಸಂಗ್ರಾಹಕನದಾಗುತ್ತದೆ. ಏಕೆಂದರೆ ಆಯುಧಪೂಜೆಯ ದಿನ ಅದು ಬೋರ್‌ವೆಲ್ಲಿನ ಸ್ಟಾರ್ಟರು, ಟಿವಿಎಸ್ಸುಗಳ ಸಾಲಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತದೆ. ಕುಂಕುಮ ಹತ್ತಿದ್ದನ್ನು ವಾಪಸು ಕೇಳುವುದು ಮರ್ಯಾದೆಯಲ್ಲ. ನಿಜವಾದ ಜರ್ಮನ್ ಅಲಗು ಈ ಸೀಮೆಗೆ ಬರಲು ಸೈದ್ಧಾಂತಿಕವಾಗಿ ಒಂದು ದಾರಿ ಇದೆ: ಮೈಸೂರು ಲ್ಯಾನ್ಸರ್ಸ್ ದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದಲ್ಲಿ ತುರ್ಕರನ್ನೂ ಅವರ ಜೊತೆಗಿದ್ದ ಜರ್ಮನರನ್ನೂ ಎದುರಿಸಿತ್ತು. ಹಾಗೆ ಬಂದದ್ದಿದ್ದರೂ ಅದು ಎಂದೋ ಕುಲುಮೆ ಹೊಕ್ಕು ಕುಡುಗೋಲಾಗಿ, ಆಮೇಲೆ ಯಾರೋ ಎರವಲು ಒಯ್ದಿರುತ್ತಾರೆಂದು ಊಹಿಸುವುದು ಶಾಸ್ತ್ರಸಮ್ಮತ.

ಕಾನೂನು: ಆಯುಧ ಕಾಯ್ದೆ 1959ರ ಅಡಿಯ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಈಟಿಗಳ ಜೊತೆ ಬಯೊನೆಟ್ಟಿನ ಹೆಸರೂ ಇದೆ. ಒಂಬತ್ತು ಇಂಚು ಉದ್ದ ಇಲ್ಲವೆ ಎರಡು ಇಂಚು ಅಗಲ ಮೀರಿದ ಚಾಕುವೂ ಅಲ್ಲಿದೆ. ಆದರೆ ಮನೆಬಳಕೆಗೆ, ಬೇಸಾಯಕ್ಕೆ ಎಂದು ಮಾಡಿದ್ದಕ್ಕೆ ವಿನಾಯಿತಿ. ಆದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಬಯೊನೆಟ್ಟು ಆಯುಧ. ಬಸ್ಸಿನಲ್ಲಿ ಪಕ್ಕದವರ ಮೊಣಕಾಲಿಗೆ ತಾಗುತ್ತಿರುವ ಮಚ್ಚು ಬೇಸಾಯದ ಸಲಕರಣೆ. ಬದುವಿನ ಜಗಳದಲ್ಲಿ ಯಾರಾದರೂ ಅದನ್ನು ಎತ್ತಿದರೆ ಮಾತ್ರ ಅದರ ವರ್ಗ ಬದಲಾಗುತ್ತದೆ. ಆಗ ಪೊಲೀಸರು ಪಂಚರ ಸಮಕ್ಷಮ ಅದರ ಉದ್ದ, ಅಗಲ, ಹಿಡಿ, ಕಲೆಗಳನ್ನೆಲ್ಲ ಮಹಜರಿನಲ್ಲಿ ಬರೆದು, ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತುತ್ತಾರೆ, ನ್ಯಾಯಾಲಯದಲ್ಲಿ ಎಂ.ಓ. (ಮೆಟೀರಿಯಲ್ ಆಬ್ಜೆಕ್ಟ್) 1 ಎಂಬ ಸಂಖ್ಯೆ ಬೀಳುತ್ತದೆ. ಅಲಗಿಗೂ ಅದರ ಹೊದಿಕೆಗೂ ಒಂದೇ ಸಂಖ್ಯೆ ಇರುವ ಪ್ರತಿ ಈ ನಾಲ್ಕು ತಾಲ್ಲೂಕುಗಳಲ್ಲಿ ದೊರೆಯುವುದು ಹೀಗೊಂದೇ.