ನಾ ಬಿಳೀದ್ ಬಿಟ್ಟು ಬ್ಯಾರೇದ್ ಹಾಕಲ್ಲ

ಕೊಕ್ಕರೆ ನೋಡಬೇಕೆಂದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೇ ಹೋಗಬೇಕೆಂದೇನಿಲ್ಲ. ಸಂಜೆ ಐದರ ಮೇಲೆ ಕೊಟ್ಟೂರಿನ ಯಾವುದಾದರೂ ಮಿರ್ಚಿ ಅಂಗಡಿ ಮುಂದೆ ನಿಂತರೂ ಆದೀತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ಎರಡೂ ಕಾಲು ಅಗಲಿಸಿ, ಸೊಂಟದಿಂದ ಮುಂದಕ್ಕೆ ಬಾಗಿ, ಎಡಗೈಯಲ್ಲಿ ಹೆಗಲ ಟವೆಲನ್ನು ಹಿಂದಕ್ಕೆ ಒತ್ತಿ ಹಿಡಿದು, ಬಲಗೈಯ ಮಿರ್ಚಿಯನ್ನು ಮೈಯಿಂದ ಒಂದೂವರೆ ಅಡಿ ದೂರದಲ್ಲಿಟ್ಟು, ಕತ್ತು ಚಾಚಿ ಚಾಚಿ ಕುಕ್ಕುತ್ತಿರುತ್ತಾರೆ. ಎಣ್ಣೆಯ ಒಂದು ಹನಿ ನೆಲಕ್ಕೆ ಬಿದ್ದರೆ ನೆಮ್ಮದಿ, ಅಂಗಿಗೆ ಬಿದ್ದರೆ ಸೂತಕ.

ಅವತ್ತು ನನ್ನ ಪಕ್ಕದಲ್ಲಿ ಹೀಗೆ ನಿಂತಿದ್ದವರು ಒಬ್ಬ ಮುಖಂಡರು. ಯಾವುದರ ಮುಖಂಡರು ಎಂದು ಕೇಳಬೇಡಿ; ನಮ್ಮ ಕಡೆ ಅದು ಹುದ್ದೆಯಲ್ಲ, ಮೈಕಟ್ಟು. ನಾನು ಅವರ ಅಂಗಿಯನ್ನೇ ನೋಡುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತೆಂದು ಕಾಣುತ್ತದೆ.

“ನಾ ಬಿಳೀದ್ ಬಿಟ್ಟು ಬ್ಯಾರೇದ್ ಹಾಕಲ್ಲ ಮೇಷ್ಟ್ರೇ. ಹದಿನೈದು ವರ್ಷಾತು. ಇದು ನಂದೇ ಒಂದು ನೇಮ.”

ಅವರ ಹಿಂದೆ ನಿಂತಿದ್ದ ಮೂವರೂ ಬಿಳೀದೇ ಹಾಕಿದ್ದರು. ಅವರದೂ ಅವರವರದೇ ಒಂದು ನೇಮವಂತೆ.

ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ: ನಮ್ಮ ಈ ಐದು ತಾಲ್ಲೂಕಿನ ಮಣ್ಣಿಗೂ ಬಿಳಿ ಬಟ್ಟೆಗೂ ಹುಟ್ಟಾ ಆಗಿಬರುವುದಿಲ್ಲ. ಕೂಡ್ಲಿಗಿ ಕಡೆ ಹೋದರೆ ಕೆಂಪು ಮಸಬು. ಒಂದು ಲಾರಿ ಮುಂದೆ ಹೋದರೆ ಸಾಕು, ಹುಬ್ಬಿನ ತನಕ ಜಾಜು ಬಳಿದುಕೊಂಡ ಹಾಗೆ. ಹಡಗಲಿ, ಹರಪನಹಳ್ಳಿ ಕಡೆ ಎರೆ. ಮಳೆ ಬಿದ್ದ ಮರುದಿನ ಹೊಲಕ್ಕೆ ಕಾಲಿಟ್ಟರೆ ಹೊಲವೇ ಕಾಲಿಗೆ ಹತ್ತಿಕೊಂಡು ಮನೆಗೆ ಬರುತ್ತದೆ. ಇಂಥ ಸೀಮೆಯಲ್ಲಿ ಬೆಳಗಿನಿಂದ ಸಂಜೆ ತನಕ ಒಬ್ಬನ ಅಂಗಿ ಬೆಳ್ಳಗೇ ಉಳಿದಿದೆ ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಆತ ಇಡೀ ದಿನ ಯಾವುದನ್ನೂ ಮುಟ್ಟಿಲ್ಲ. ಬಿಳಿ ಅಂಗಿ ಎಂಬುದು ಇಲ್ಲಿ ಉಡುಪಲ್ಲ, ನಾನು ಕೆಲಸ ಮಾಡುವವನಲ್ಲ ಎಂದು ಗರಿಗರಿಯಾಗಿ ಇಸ್ತ್ರಿ ಮಾಡಿಸಿಕೊಂಡ ಪ್ರಮಾಣಪತ್ರ. ನೇಮ ಸಾಹೇಬರದು; ನೀಲಿ, ಗಂಜಿ, ತಿಕ್ಕುವ ಬ್ರಷ್ಷು ಮನೆಯವರದು. ನಲ್ಲಿ ನೀರಿಗೆ ವಾರಗಟ್ಟಲೆ ಕಾಯುವ ಓಣಿಯಲ್ಲೂ ಈ ಬಿಳುಪು ಒಂದು ದಿನ ತಪ್ಪುವುದಿಲ್ಲ.

ಬಟ್ಟೆಯ ವಿಷಯದಲ್ಲಿ ನಿಜವಾಗಿಯೂ ಸ್ವಂತದ್ದೊಂದು ನೇಮ ಮಾಡಿಕೊಂಡ ಒಬ್ಬರ ಚಿತಾಭಸ್ಮ ನಮ್ಮ ಕೂಡ್ಲಿಗಿಯ ಸ್ಮಾರಕದಲ್ಲೇ ಇದೆ. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅಂಗಿ, ಟೋಪಿ ಎಲ್ಲ ಕಳಚಿಟ್ಟು ಮೊಣಕಾಲ ಮೇಲಿನ ತುಂಡು ಪಂಚೆಗೆ ಇಳಿದವರು ಗಾಂಧಿ. ಪರದೇಶಿ ಬಟ್ಟೆ ಬಿಡಿ, ಖಾದಿ ಉಡಿ ಎಂದು ಹೇಳುತ್ತ ಹೋದಾಗ, ಖಾದಿ ಕೊಳ್ಳಲು ನಮ್ಮಲ್ಲಿ ದುಡ್ಡೆಲ್ಲಿದೆ ಎಂದು ಬಡವರು ಕೇಳಿದ್ದು ಅವರಿಗೆ ತಾಕಿತ್ತು. ಹಾಗಾದರೆ ಇಷ್ಟೇ ಸಾಕು ಎಂದು ತಮ್ಮ ಮೈಮೇಲಿನದನ್ನೇ ಕಡಿಮೆ ಮಾಡಿದರು. ಆ ಸ್ಮಾರಕದ ಮುಂದೆ ಅಕ್ಟೋಬರ್ 2ಕ್ಕೂ ಜನವರಿ 30ಕ್ಕೂ ನಿಲ್ಲುವ ಬಿಳಿ ಅಂಗಿಗಳನ್ನು ನೋಡಬೇಕು ನೀವು. ಅಷ್ಟೂ ಜನರ ತೋಳಿನ ಇಸ್ತ್ರಿ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದು.

ಹೆಗಲ ಟವೆಲಿನ ಮಾತು ಬೇಗ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ಹಸಿರು ಎಂದರೆ ರೈತ, ನೀಲಿ ಎಂದರೆ ದಲಿತ ಸಂಘಟನೆ, ಕೆಂಪು ಎಂದರೆ ಕೂಲಿಕಾರರ ಯೂನಿಯನ್, ಹಳದಿ-ಕೆಂಪು ಎಂದರೆ ಕನ್ನಡ, ಇನ್ನು ಕೇಸರಿ ಇದ್ದೇ ಇದೆ. ವೀರಶೈವ ಪಂಚಪೀಠಗಳ ಪೈಕಿ ನಮ್ಮ ಉಜ್ಜಯಿನಿಯ ಪಾಲಿಗೆ ಬಂದದ್ದು ಕೆಂಪು. ಪೀಠಕ್ಕೆ ಶತಮಾನಗಳಿಂದ ಒಂದೇ ಬಣ್ಣ ಸಾಕಾಗಿದೆ, ನಮ್ಮ ಮುಖಂಡರ ಹೆಗಲಿಗೆ ಒಂದು ಚುನಾವಣೆಗೆ ಮೂರು ಬೇಕು. ತಪ್ಪೇನೂ ಇಲ್ಲ ಬಿಡಿ. ಹರಪನಹಳ್ಳಿ ತಾಲ್ಲೂಕೇ 1997ರಲ್ಲಿ ಬಳ್ಳಾರಿ ಕಳಚಿ ದಾವಣಗೆರೆ ತೊಟ್ಟುಕೊಂಡು, ಅದು ಒಗ್ಗದೆ ಮತ್ತೆ ಬಳ್ಳಾರಿಗೇ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಎಂಬ ಹೊಸ ಅಂಗಿಗೆ ಅಳತೆ ಕೊಟ್ಟಿದೆ. ತಾಲ್ಲೂಕಿಗೆ ಇರದ ನಿಷ್ಠೆ ಟವೆಲಿಗೆ ಎಲ್ಲಿಂದ ಬರಬೇಕು?

ಊರವರನ್ನು ಆಡಿಕೊಂಡು ನನ್ನ ಬೀರುವಿಗೆ ಬೀಗ ಹಾಕಿದರೆ ನ್ಯಾಯವಲ್ಲ. ನನಗೂ ನೇಮಗಳಿವೆ. ಶನಿವಾರ ಹೊಸದು ತೊಡುವುದಿಲ್ಲ. ಅಮಾವಾಸ್ಯೆಗೆ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಹೊಸ ಅಂಗಿಯ ಕಾಲರಿನ ಮೂಲೆಗೆ ಒಂದು ಚೂರು ಅರಿಷಿಣ ಹಚ್ಚದೆ ತೋಳು ತೂರಿಸುವುದಿಲ್ಲ. ಮೂವತ್ತು ವರ್ಷ ಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು.

ನನ್ನ ಹೆಂಡತಿಯ ನೇಮ ಇನ್ನೂ ಕಟ್ಟುನಿಟ್ಟು. ಕೊಟ್ಟೂರೇಶ್ವರನ ತೇರಿಗೆ ಉಟ್ಟ ಸೀರೆಯನ್ನು ಉಜ್ಜಯಿನಿ ತೇರಿಗೆ ಉಡುವಂತಿಲ್ಲ, ಏಕೆಂದರೆ ಬೀಗರು ಎರಡೂ ಕಡೆ ಬರುತ್ತಾರೆ. ಬೀಗರು ಬಾರದಿದ್ದರೂ ಸ್ಟೇಟಸ್ಸಿನಲ್ಲಿ ನೋಡಿರುತ್ತಾರೆ. ಹಂಪಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿರುವ ಪ್ರಕಾರ ವಿಜಯನಗರದ ಅರಸರು ಒಮ್ಮೆ ತೊಟ್ಟದ್ದನ್ನು ಮತ್ತೊಮ್ಮೆ ತೊಡುತ್ತಿರಲಿಲ್ಲ. ಕಳಚಿದ ಕೂಡಲೇ ಅದನ್ನು ಲೆಕ್ಕ ಇಡುವ ಅಧಿಕಾರಿಗಳ ವಶಕ್ಕೆ ಕೊಟ್ಟುಬಿಡಬೇಕಿತ್ತು. ಸಾಮ್ರಾಜ್ಯ ಹಾಳಾದರೂ ಪದ್ಧತಿ ನಮ್ಮ ಓಣಿಯಲ್ಲಿ ಉಳಿದಿದೆ. ಲೆಕ್ಕ ಇಡುವ ಅಧಿಕಾರಿ ನಾನು.

ಆದರೆ ಅದೇ ಓಣಿಯ ಹೆಂಗಸರು ಮನೆಯೊಳಗೆ ಬಂದರೆ ನೈಟಿ. ನೈಟಿಯ ಕಾಯ್ದೆಯನ್ನು ಯಾರೂ ಬರೆದಿಟ್ಟಿಲ್ಲ, ಉಲ್ಲಂಘಿಸಿದವರನ್ನೂ ನಾನು ಕಂಡಿಲ್ಲ. ಬರೀ ನೈಟಿಯಲ್ಲಿ ನಲ್ಲಿಯ ತನಕ ಹೋಗಬಹುದು. ತರಕಾರಿ ಗಾಡಿಯ ತನಕ ಹೋಗಬೇಕಾದರೆ ಮೇಲೊಂದು ಟವೆಲ್. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಎಂದರೆ ವೇಲು. ಮೇನ್ ರೋಡ್ ದಾಟುವಂತಿಲ್ಲ, ದಾಟಿದರೆ ಸೀರೆ. ಈ ಗಡಿ ಗುರುತಿಸುವವರು ಅರಳಿಕಟ್ಟೆಯ ಹಿರಿಯರು. ಲುಂಗಿಯನ್ನು ತೊಡೆಯ ತನಕ ಎತ್ತಿ ಕಟ್ಟಿ, ಬನಿಯನ್ನಿನ ತೂತಿನಲ್ಲಿ ಬೆರಳಾಡಿಸುತ್ತ, ಹೆಣ್ಣುಮಕ್ಕಳ ಬಟ್ಟೆಯಿಂದ ಸಂಸ್ಕೃತಿ ಹಾಳಾಗುತ್ತಿದೆ ಎಂದು ಅವರು ಮರುಗುವಾಗ ಆ ಕಡೆ ನೋಡಲು ನಮಗೇ ನಾಚಿಕೆಯಾಗುತ್ತದೆ.

ಇಷ್ಟೆಲ್ಲ ನೇಮ ಯಾರಿಗಾಗಿ ಎಂಬುದು ನನಗೆ ಹೊಳೆದದ್ದು 2024ರ ಜುಲೈನಲ್ಲಿ. ನಮ್ಮ ಹಡಗಲಿಯಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿಯ ಹಿರಿಯ ರೈತರೊಬ್ಬರು ಮಗನ ಜೊತೆ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ಗೆ ಸಿನಿಮಾ ನೋಡಲು ಹೋದರು. ಟಿಕೆಟ್ ಕೈಯಲ್ಲಿತ್ತು. ಪಂಚೆ ಉಟ್ಟಿದ್ದರು, ಬಿಳಿ ಅಂಗಿ ತೊಟ್ಟಿದ್ದರು. ಪಂಚೆ ಉಟ್ಟವರಿಗೆ ಪ್ರವೇಶ ಇಲ್ಲ ಎಂದು ಬಾಗಿಲಲ್ಲೇ ತಡೆದರು. ಅದಕ್ಕೆ ಐದು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಬಟ್ಟೆ ಕೊಳೆಯಾಗಿದೆ ಎಂದು ಮತ್ತೊಬ್ಬ ರೈತನನ್ನು ಮೆಟ್ರೋ ನಿಲ್ದಾಣದಲ್ಲಿ ತಡೆದಿದ್ದರು. ಮಾಲ್ ಪ್ರಕರಣ ವಿಧಾನಸಭೆಗೆ ಬಂತು. ಏಳು ದಿನ ಮಾಲ್ ಮುಚ್ಚಿಸುತ್ತೇವೆ ಎಂದು ಸರ್ಕಾರ ಹೇಳಿತು. ಪಕ್ಷಭೇದವಿಲ್ಲದೆ ಎಲ್ಲರೂ ಪಂಚೆಯ ಪರ ನಿಂತರು. ನಿಂತವರಲ್ಲಿ ಬಹುಪಾಲು ಜನ ಪ್ಯಾಂಟಿನಲ್ಲಿದ್ದರು.

ಆ ಗದ್ದಲದ ಫಲ ನಮ್ಮೂರಿಗೆ ತಲುಪಿದ್ದು ಬೇರೆ ರೀತಿ. ಬೆಂಗಳೂರಿಗೆ ಮೊಮ್ಮಗನ ನಾಮಕರಣಕ್ಕೆ ಹೊರಟಿದ್ದ ನನ್ನ ದೂರದ ಕಾಕಾ ಒಬ್ಬರಿಗೆ ಮಗನಿಂದ ಫೋನ್ ಬಂತು: “ಅಪ್ಪಾ, ಏನೂ ತಿಳ್ಕೋಬ್ಯಾಡ, ಬರೋವಾಗ ಪ್ಯಾಂಟ್ ಹಾಕ್ಕೊಂಡು ಬಾ.” ಅರವತ್ತೆಂಟನೇ ವಯಸ್ಸಿಗೆ ಅವರು ಮೊದಲ ಪ್ಯಾಂಟು ಹೊಲಿಸಿದರು. ಟೇಲರ್ ಟೇಪು ಹಿಡಿದು ಕಾಲ ಸಂದಿಗೆ ಕೈ ಹಾಕಿದಾಗ ಕಾಕಾ ಎರಡು ಹೆಜ್ಜೆ ಹಿಂದೆ ಸರಿದು, “ಏ ತಮ್ಮಾ, ಅಂದಾಜಿನ ಮ್ಯಾಗ ಹೊಲಿ” ಎಂದರು. ಅಂದಾಜಿನ ಮೇಲೆ ಹೊಲಿದ ಪ್ಯಾಂಟಿನಲ್ಲಿ ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಹೋದರು. ವಾಪಸ್ ಬಂದ ಮೇಲೆ ಕೇಳಿದೆ, ಹೆಂಗಿತ್ತು ಕಾಕಾ ಬೆಂಗಳೂರು? “ಪ್ಯಾಂಟಿನ ಗುಂಡಿ ಬಿಟ್ರ ಬ್ಯಾರೇನೂ ನೆನಪಿಲ್ಲಪ” ಎಂದರು.

ಬಾಗಿಲಲ್ಲಿ ಬಟ್ಟೆ ನೋಡಿ ಒಳಗೆ ಬಿಡುವ ಪದ್ಧತಿ ಮಾಲಿನವರು ಕಂಡುಹಿಡಿದದ್ದಲ್ಲ. ಅವರಿಗಿಂತ ಸುಮಾರು ಆರು ನೂರು ವರ್ಷ ಮೊದಲು, ನಮ್ಮ ಜಿಲ್ಲೆಯಲ್ಲೇ ಅದು ಜಾರಿಯಲ್ಲಿತ್ತು. ತೆಲುಗಿನ ಮಹಾಕವಿ ಶ್ರೀನಾಥ ವಿಜಯನಗರದ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದಾಗ, ತಲೆಗೆ ಉದ್ದ ಕುಲಾವಿ ಏರಿಸಿ, ಮೈಗೆ ದೊಡ್ಡ ಬಟ್ಟೆ ಸುತ್ತಿಕೊಂಡು, ಒಗ್ಗದ ಊಟ ಉಂಡು ಪಟ್ಟ ಪಾಡನ್ನು ಒಂದು ಪದ್ಯದಲ್ಲಿ ತೋಡಿಕೊಂಡನೆಂದು ಪ್ರತೀತಿ. ಆ ಕುಲಾವಿ ಬಂದದ್ದು ಸುಲ್ತಾನರ ಕಡೆಯಿಂದ. ನಮ್ಮ ಅರಸರು ಅದನ್ನು ಇಷ್ಟಪಟ್ಟು ತಲೆಗೇರಿಸಿಕೊಂಡಿದ್ದರು, ಶಿಲ್ಪಗಳಲ್ಲಿ ಈಗಲೂ ನೋಡಬಹುದು. ಕವಿಸಾರ್ವಭೌಮನಿಗೇ ಟೋಪಿ ಹಾಕಿಸಿದ ಊರು ನಮ್ಮದು. ಮಾಲಿನ ಕಾವಲುಗಾರನೊಬ್ಬನನ್ನೇ ಬೈದು ಏನು ಬಂತು? ನಮ್ಮಲ್ಲಿ ಪ್ರತಿಯೊಬ್ಬರ ಬೀರುವಿನೊಳಗೂ ಅವನಂಥ ಒಬ್ಬ ನಿಂತಿದ್ದಾನೆ. ಅವನಿಗೆ ಸಂಬಳ ಇಲ್ಲ, ರಜೆ ಇಲ್ಲ. ಅವನು ಹೇಳಿದ್ದನ್ನು ನಾವು ನಮ್ಮ ಸ್ವಂತ ನೇಮ ಎಂದು ಕರೆಯುತ್ತೇವೆ.

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲೂ 2024ರ ಆರಂಭದಿಂದ ವಸ್ತ್ರಸಂಹಿತೆ ಬಂದಿದೆ: ಚಡ್ಡಿ, ಹರಿದ ಜೀನ್ಸ್ ಬೇಡ, ಪಂಚೆ ಉಟ್ಟು ಬನ್ನಿ. ಅಲ್ಲಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಬಳ್ಳಾರಿಯಲ್ಲಿ ಸಾವಿರಾರು ಜನರಿಗೆ ಅನ್ನ ಕೊಡುತ್ತಿರುವುದು ಜೀನ್ಸ್ ಹೊಲಿಗೆ. ಬಳ್ಳಾರಿಯ ಜೀನ್ಸ್ ಹರಿದಿದ್ದರೆ ಹಂಪಿಯಲ್ಲಿ ದೇವರಿಲ್ಲ, ಹಂಪಿಯ ಪಂಚೆ ಉಟ್ಟರೆ ಬೆಂಗಳೂರಿನಲ್ಲಿ ಸಿನಿಮಾ ಇಲ್ಲ. ಎರಡೂ ಬೇಕೆನ್ನುವವರು ಚೀಲದಲ್ಲಿ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಂಡು ತಿರುಗಬೇಕು.

ಬಟ್ಟೆಯ ನೇಮವನ್ನು ನೇಮದಂತೆ ಪಾಲಿಸುವವರನ್ನು ನೋಡಬೇಕೆಂದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿ. ಗೊರವಯ್ಯ ಕರಿ ಕಂಬಳಿಯ ನಿಲುವಂಗಿ ತೊಟ್ಟು, ಕೈಯಲ್ಲಿ ಡಮರುಗ ಹಿಡಿದು ಜಾತ್ರೆಯ ಬಿಸಿಲಲ್ಲಿ ನಿಂತಿರುತ್ತಾನೆ. ಕೆಲವರ ತಲೆಯ ಮೇಲೆ ಕರಡಿ ಕೂದಲಿನ ಟೋಪಿಯೂ ಉಂಟು. ಕಂಬಳಿಗೆ ಮೈಲಿಗೆ ಇಲ್ಲ ಎನ್ನುತ್ತಾರೆ. ಮಣ್ಣು ಹತ್ತಿದರೂ ಮಡಿ, ಭಂಡಾರ ಬಿದ್ದರೂ ಮಡಿ. ಅವರಲ್ಲೊಬ್ಬ ವರ್ಷದ ಭವಿಷ್ಯ ನುಡಿಯಲು ಬಿಲ್ಲೇರಿ “ಸದ್ದಲೇ” ಎಂದಾಗ ಲಕ್ಷ ಜನ ಉಸಿರು ಹಿಡಿಯುತ್ತಾರೆ. ಉಸಿರು ಹಿಡಿದವರಲ್ಲಿ ಮುಂದಿನ ಸಾಲಿನ ಬಿಳಿ ಅಂಗಿಗಳೂ ಇರುತ್ತವೆ. ಬರಲಿರುವ ವರ್ಷ ತಮ್ಮ ಬಿಳುಪು ಉಳಿಯುತ್ತದೋ ಇಲ್ಲವೋ ಎಂಬುದನ್ನು ಅವರು ಕರಿ ಕಂಬಳಿಯವನ ಬಾಯಿಂದ ಕೇಳಲು ಬಂದಿರುತ್ತಾರೆ.

ಇನ್ನು ನಮ್ಮ ಲಂಬಾಣಿ ತಾಂಡಾಗಳು. ಕನ್ನಡಿ ಚೂರು, ಕವಡೆ, ಬಣ್ಣದ ದಾರ ಪೋಣಿಸಿದ ಪೇಟಿಯಾ, ಕಾಂಚಳಿ ತೊಟ್ಟ ಅಜ್ಜಿಯರು ಈಗ ಬೆರಳೆಣಿಕೆ. ಆ ಕಸೂತಿಗೆ ಸಂಡೂರಿನ ಹೆಸರಿನಲ್ಲಿ ಭೌಗೋಳಿಕ ಮಾನ್ಯತೆ ಬಂದಿದೆ, ಶಹರದ ಅಂಗಡಿಗಳಲ್ಲಿ ಅದು ಬ್ಯಾಗಾಗಿ, ದಿಂಬಿನ ಗವಸಾಗಿ ಕೂತಿದೆ. ತಾಂಡಾದಲ್ಲಿ ಮಾತ್ರ ಅದು ಟ್ರಂಕಿನ ತಳದಲ್ಲಿದೆ. ಹೊರಗೆ ಬರುವುದು ಮಂತ್ರಿಗಳು ಬಂದಾಗ. “ಲಂಬಾಣಿ ಡ್ರೆಸ್ಸಿನಲ್ಲಿ ಇಪ್ಪತ್ತು ಜನ ಹೆಣ್ಣುಮಕ್ಕಳನ್ನ ಕಳಿಸ್ರಿ” ಎಂದು ತಾಲ್ಲೂಕು ಕಚೇರಿಯಿಂದ ಹೇಳಿಕೆ ಬರುತ್ತದೆ. ಒಮ್ಮೆ ಅಂಥ ಸಾಲಿನಲ್ಲಿ ಮೂರು ತಾಸು ನಿಂತಿದ್ದ ಹೆಣ್ಣುಮಗಳೊಬ್ಬಳನ್ನು ಮಾತಾಡಿಸಿದೆ. ಅಜ್ಜಿಯ ಕಾಂಚಳಿ ಅವಳಿಗೆ ಬಿಗಿಯಾಗಿ, ಹಿಂದೆ ಲಾಡಿ ಸಾಲದೆ ಚಪ್ಪಲಿ ಅಂಗಡಿಯ ಪ್ಲಾಸ್ಟಿಕ್ ದಾರ ಕಟ್ಟಿದ್ದಳು. ಕೆಂಪು ಗುರುತು ಬೆನ್ನಿಗೆ ಮೂಡಿತ್ತು. ನಾಳೆ ರಾತ್ರಿ ಕಾಫಿ ತೋಟದ ಕೆಲಸಕ್ಕೆ ಗಾಡಿ ಹತ್ತಬೇಕು ಎಂದಳು. ಅಲ್ಲಿಗೆ ಇದನ್ನು ಒಯ್ಯುತ್ತೀಯಾ ಎಂದು ನಾನು ಕೇಳಿದ್ದು ಮೂರ್ಖತನ. “ಅಲ್ಲಿ ಗಂಡಸ್ರ ಹಳೇ ಅಂಗಿ ಹಾಕ್ತೀವ್ರಿ ಸೀರಿ ಮ್ಯಾಲೆ. ಇರುವಿ ಕಡೀತಾವು” ಎಂದಳು. ಈ ಐದು ತಾಲ್ಲೂಕಿನಲ್ಲಿ ನಾನು ಕೇಳಿದ ಬಟ್ಟೆಯ ನೇಮಗಳಲ್ಲಿ ಕಾರಣ ಇದ್ದದ್ದು ಅದೊಂದಕ್ಕೇ.

ಮಿರ್ಚಿ ಅಂಗಡಿಯಲ್ಲಿ ಬಿಟ್ಟುಬಂದ ಮುಖಂಡರ ಕತೆ ಇನ್ನೂ ಬಾಕಿ ಇದೆ. ಮಿರ್ಚಿಯನ್ನೇನೋ ಅವರು ಕೊಕ್ಕರೆಯ ಹಾಗೆ ಗೆದ್ದರು. ಸೋತದ್ದು ಮಂಡಕ್ಕಿ ಒಗ್ಗರಣಿಗೆ. ಫೋನ್ ಬಂತು, ಪ್ಲೇಟು ವಾಲಿತು, ಎಣ್ಣೆ ಕುಡಿದು ಹಳದಿಯಾಗಿದ್ದ ಹಿಡಿ ಮಂಡಕ್ಕಿ ಎದೆಯ ಮೇಲಿಂದ ಜೇಬಿನ ತನಕ ಇಳಿಯಿತು. ಹಿಂದಿದ್ದ ಮೂವರು ಮೂರು ಕರ್ಚೀಫು ತೆಗೆದರು. ಒರೆಸಿದಷ್ಟೂ ಕಲೆ ಅಗಲವಾಯಿತು.

ಬಾಣಲೆಯ ಮುಂದಿದ್ದಾತ ಜಾಲರಿ ಕೆಳಗಿಟ್ಟ. ಬನಿಯನ್ನು, ಚೌಕಳಿ ಲುಂಗಿ; ಎರಡರ ಬಣ್ಣವೂ ಎಣ್ಣೆಯೊಳಗೆ ಯಾವತ್ತೋ ಕರಗಿಹೋಗಿತ್ತು.

“ಹೊಸಾ ಅಂಗೇನ್ರಿ?”

“ಹ್ಞೂಂ, ಇವತ್ತs ಹಾಕೀನಿ.”

“ಅರಿಷಿಣ ಹತ್ತಿದ್ರ ಚಲೋನs ಅಲ್ರೀ. ಕಲಿ ಹೋಗಬೇಕಂದ್ರ ಸಬಕಾರ ಹಚ್ಚಿ ಬಿಸಿಲಿಗೆ ಹಾಕ್ರಿ. ಅರಿಷಿಣ ಬಿಸಿಲಿಗೆ ನಿಲ್ಲಾಂಗಿಲ್ಲ, ನಾಕು ತಾಸು ಬಿಸಿಲು ಕಂಡ್ರ ಹೋಗಿಬಿಡ್ತೈತಿ.”

“ನಾಕು ತಾಸು ಬಿಸಿಲಾಗ?” ಎಂದರು ಮುಖಂಡರು, ತಮ್ಮನ್ನೇ ನಿಲ್ಲು ಎಂದ ಹಾಗೆ. ಆಮೇಲೆ ಬಲ ಹೆಗಲಿನ ಟವೆಲನ್ನು ಎಡ ಹೆಗಲಿಗೆ ತಂದು, ಕಲೆ ಪೂರ್ತಿ ಮುಚ್ಚುವ ಹಾಗೆ ಎದೆಗೆ ಇಳಿಬಿಟ್ಟುಕೊಂಡು, ಇನ್ನೊಂದು ಪ್ಲೇಟ್ ಒಗ್ಗರಣಿ ಹೇಳಿದರು.