ಮೂಲೆ ಸವರುವವರಿಗೊಂದು ಬಹಿರಂಗ ಪತ್ರ

ವೆಬ್ ಪುಟಗಳ ಮೂಲೆ ಸವರಿ ನುಣುಪು ಮಾಡುವ ಮಹನೀಯರೇ,

ನಾನು ಅಮ್ಮಿನಬಾವಿಯವನು. ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದರೆ ಸಿಗುವ ಊರು ನಮ್ಮದು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಹೋಗುವ ಮಲಪ್ರಭೆಯ ನೀರು ಇಲ್ಲಿ ಶುದ್ಧವಾಗಿ ಮುಂದೆ ಹೋಗುತ್ತದೆ. ನಾನು ಧಾರವಾಡದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ವಾಸ್ತುಶಾಂತಿ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು ನನ್ನ ಹೊಟ್ಟೆಪಾಡು. ಅಂದರೆ ಮೂಲೆಗಳ ವ್ಯವಹಾರದಲ್ಲಿ ನಾನೂ ನಿಮ್ಮ ದಾಯಾದಿಯೇ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ್ರಿ.

ಮೊದಲು ಅಭಿನಂದನೆ. ಈ ನಾಡಿನ ಯಾವ ಪ್ರಜೆಗೂ ಪೆಟ್ಟಿಗೆಯ ಮೂಲೆ ತಾಗಿ ಗಾಯವಾಗದಂತೆ ನೋಡಿಕೊಂಡಿದ್ದೀರಿ. ನಮ್ಮ ಅರ್ಜಿ ತಿರಸ್ಕೃತವಾದಾಗ ತಿರಸ್ಕಾರದ ಸುದ್ದಿ ದುಂಡು ಮೂಲೆಯ ಪೆಟ್ಟಿಗೆಯಲ್ಲಿ ಬರುತ್ತದೆ. ಸರ್ವರ್ ಮಲಗಿದ ಸುದ್ದಿಗೂ ಅದೇ ನುಣುಪು, ತೆಳು ನೆರಳು ಬೇರೆ. ಇಷ್ಟು ಮರ್ಯಾದೆಯಿಂದ ನಮ್ಮನ್ನು ವಾಪಸು ಕಳಿಸಿದವರು ಹಿಂದೆ ಯಾರೂ ಇರಲಿಲ್ಲ.

ಈ ಚಟ ಎಲ್ಲಿ ಶುರುವಾಯಿತೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1981ರಲ್ಲಿ ಆಪಲ್ ಕಂಪನಿಯ ಬಿಲ್ ಅಟ್ಕಿನ್ಸನ್ ಪರದೆಯ ಮೇಲೆ ವೃತ್ತ, ಅಂಡಾಕಾರಗಳನ್ನು ಚಕಚಕ ಎಳೆಯುವ ಉಪಾಯ ಕಂಡುಹಿಡಿದು ತೋರಿಸಿದರೆ, ಸ್ಟೀವ್ ಜಾಬ್ಸ್ ಕೇಳಿದ್ದು ಒಂದೇ: ಮೂಲೆ ದುಂಡಗಿರುವ ಚೌಕ ಬರುತ್ತದೋ ಇಲ್ಲವೋ? ಅದು ಕಷ್ಟ, ಅದರ ಅಗತ್ಯವೂ ಇಲ್ಲ ಎಂದರು ಅಟ್ಕಿನ್ಸನ್. ಜಾಬ್ಸ್ ಆಗ ಅಟ್ಕಿನ್ಸನ್ ಅವರನ್ನು ಬೀದಿಗೆ ಕರೆದೊಯ್ದು, ಕಂಡಕಂಡಲ್ಲಿ ದುಂಡು ಮೂಲೆ ತೋರಿಸುತ್ತ ಹೋದರು. ‘ವಾಹನ ನಿಲ್ಲಿಸಬಾರದು’ ಎಂಬ ಫಲಕದ ಹತ್ತಿರ ಬರುವಷ್ಟರಲ್ಲಿ ಅಟ್ಕಿನ್ಸನ್ ಸೋತಿದ್ದರು. ಆ ನಡಿಗೆ ನಮ್ಮೂರಲ್ಲಿ ಆಗಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು. ಹಳೇ ಮನೆಗಳ ಕಟ್ಟಿಗೆಯ ಚೌಕಟ್ಟು, ಹೊಸ್ತಿಲು, ಹಾಸುಗಲ್ಲು, ಖಣದ ಬಟ್ಟೆ, ಎರೆಹೊಲದ ಬದು, ನೋಡಿದ್ದೆಲ್ಲ ಮೂಲೆ ಬಿಟ್ಟುಕೊಡದ ಪೈಕಿ. ಜೋಳದ ರೊಟ್ಟಿ ದುಂಡಗಿದೆ ನಿಜ, ಆದರೆ ಅದಕ್ಕೆ ಮೂಲೆಯೇ ಇಲ್ಲವಲ್ಲ.

ನಿಮ್ಮ ಹಿರಿಯರು ಪಟ್ಟ ಕಷ್ಟವನ್ನೂ ಬಲ್ಲೆ. ಒಂದು ಕಾಲಕ್ಕೆ ದುಂಡು ಮೂಲೆ ಬೇಕೆಂದರೆ ಫೋಟೋಶಾಪಿನಲ್ಲಿ ನಾಲ್ಕು ಚೂರು ಚಿತ್ರ ಕತ್ತರಿಸಿ, ಒಂಬತ್ತು ಖಾನೆಯ ಟೇಬಲ್ ಕಟ್ಟಿ, ಮೂಲೆಗೊಂದರಂತೆ ಕೂರಿಸಬೇಕಿತ್ತು. ಹಿನ್ನೆಲೆಯ ಬಣ್ಣ ಬದಲಾಯಿತೋ, ನಾಲ್ಕನ್ನೂ ಮತ್ತೆ ಕತ್ತರಿಸು. ಆಮೇಲೆ ಪುಟದ ಅಂದಚಂದ ಬರೆಯುವ ಸಿಎಸ್‌ಎಸ್ ಭಾಷೆಗೆ ಮೂಲೆ ದುಂಡು ಮಾಡುವ ಬಾರ್ಡರ್-ರೇಡಿಯಸ್ ಎಂಬ ಗುಣ ಬಂತು. ಮೊದಮೊದಲು ಫೈರ್‌ಫಾಕ್ಸಿಗೊಂದು, ಸಫಾರಿಗೊಂದು ಬೇರೆ ಬೇರೆ ಹೆಸರಿನಲ್ಲಿ ಬರೆಯಬೇಕಿತ್ತು. 2011ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಕೂಡ ಒಪ್ಪಿಕೊಂಡ ಮೇಲೆ ಎಲ್ಲ ಒಂದೇ ಸಾಲಿನ ಕೆಲಸವಾಯಿತು. ಕೆಲಸ ಸಲೀಸಾದ ಕೂಡಲೆ ನಿಮಗೆ ಹಿಡಿತ ತಪ್ಪಿತು. 4 ಪಿಕ್ಸೆಲ್ 8 ಆಯಿತು, 8 ಹೋಗಿ 16, ಈಗ ಸೀದಾ 999. ನಲವತ್ತು ಪಿಕ್ಸೆಲ್ ಎತ್ತರದ ಗುಂಡಿಗೆ 999ರ ತಿರುವು! ಬ್ರೌಸರು ನಿಮಗಿಂತ ಸಂಭಾವಿತ. ಎರಡು ಮೂಲೆಗಳ ತಿರುವು ಸೇರಿ ಬದಿಯ ಅಳತೆ ಮೀರಿದರೆ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಇಳಿಸಿ, ಬಾಯಿಬಿಡದೆ ಗುಳಿಗೆಯ ಆಕಾರ ಕೊಟ್ಟು ಸುಮ್ಮನಾಗುತ್ತದೆ. ನಾಲ್ಕು ಮೂಲೆಗೆ ನಾಲ್ಕು ಅಳತೆ ಕೊಟ್ಟರೆ ಎಡಮೇಲಿನಿಂದ ಹೊರಟು ಪ್ರದಕ್ಷಿಣೆ ಹಾಕುತ್ತದೆ ಎಂಬುದೊಂದೇ ನನಗೆ ಈ ವ್ಯವಸ್ಥೆಯಲ್ಲಿ ಕಂಡ ಧಾರ್ಮಿಕ ಸಮಾಧಾನ.

ದುಂಡು ಮಾಡಿ ಮಾಡಿ ಬೇಸರವಾಯಿತೇನೋ, ಈಗ ಕಾರ್ನರ್-ಶೇಪ್ ಎಂಬ ಇನ್ನೊಂದು ಗುಣ ತಂದಿದ್ದೀರಿ. 2025ರ ಆಗಸ್ಟಿನಲ್ಲಿ ಬಂದ ಕ್ರೋಮ್ 139ರಿಂದ ಮೂಲೆಯನ್ನು ಓರೆಯಾಗಿ ಕತ್ತರಿಸಬಹುದು, ಒಳಕ್ಕೆ ಬಗೆಯಬಹುದು, ಮೆಟ್ಟಿಲಿನಂತೆ ಕಚ್ಚು ಹಾಕಬಹುದು, ದುಂಡೂ ಅಲ್ಲದ ಚೌಕವೂ ಅಲ್ಲದ ಎಡಬಿಡಂಗಿ ಆಕಾರವನ್ನೂ ತರಬಹುದು. ಸಂತೋಷ. ಆದರೆ ಮೆಟ್ಟಿಲು ಮೂಲೆ ಹೊಸ ಶೋಧನೆ ಎಂದು ಮಾತ್ರ ನಮ್ಮ ಚಿಗವ್ವನ ಎದುರು ಹೇಳಬೇಡಿ.

ಚಿಗವ್ವ ಕಸೂತಿ ಹಾಕುವವಳು. ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಮುರಗಿ ಎಂಬ ಹೊಲಿಗೆ ಇದೆ, ಮೆಟ್ಟಿಲು ಮೆಟ್ಟಿಲಾಗಿ ಸಾಗುವುದೇ ಅದರ ಗುಣ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಏನೂ ಬರೆದುಕೊಳ್ಳುವುದಿಲ್ಲ. ನೂಲಿನ ಎಳೆ ಎಣಿಸಿ ಸೂಜಿ ಚುಚ್ಚಬೇಕು, ಹಾಗಾಗಿ ಹೊಲಿಗೆ ಅಡ್ಡ, ಉದ್ದ, ಓರೆ ಮೂರೇ ದಿಕ್ಕಿಗೆ ಹೋಗುತ್ತದೆ, ಬಾಗುವುದಿಲ್ಲ. ಆ ಮೂರರಲ್ಲೇ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಎಲ್ಲ ಏಳುತ್ತವೆ. ಇನ್ನು ಗವಂತಿ ಎಂಬ ಹೊಲಿಗೆ ನೋಡಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ನಿಮ್ಮ ಪುಟದ ಹಿಂಮಗ್ಗುಲನ್ನೂ ನಾನು ಒಮ್ಮೊಮ್ಮೆ ತೆರೆದು ನೋಡುತ್ತೇನೆ. ಒಂದು ಗುಂಡಿಯ ಸುತ್ತ ಡಿವ್ ಎಂಬ ಏಳು ಪೆಟ್ಟಿಗೆ, ಒಂದರೊಳಗೊಂದು. ಅದರ ಬಗ್ಗೆ ಮಾತಾಡುವುದು ಬೇಡ.

ಟೇಬಲ್ ಕ್ಲಾತಿನ ಅಂಚು ಹಾಕುವಾಗ ಚಿಗವ್ವ ಮೂಲೆಯ ಹತ್ತಿರ ಬಂದರೆ ಮನೆಯಲ್ಲಿ ಯಾರೂ ಮಾತಾಡಿಸುವಂತಿಲ್ಲ. “ಮೂಲಿ ತಿರಗೂಕಿಂತ ಮದಲ ಎಳಿ ಎಣಿಸಬೇಕೋ ತಮ್ಮಾ, ಮೂಲಿಗೆ ಬಂದ ಮ್ಯಾಲೆ ಎಣಿಸಿದರ ಏನ್ ಬಂತು,” ಅನ್ನುತ್ತಾಳೆ. ಒಂದು ಎಳೆ ತಪ್ಪಿದರೂ ಅಡ್ಡಪಟ್ಟಿಯ ಗೋಪುರ ಉದ್ದಪಟ್ಟಿಯ ಗೋಪುರವನ್ನು ಕೂಡುವುದಿಲ್ಲ. ನಿಮ್ಮ ಸಿಎಸ್‌ಎಸ್‌ನಲ್ಲೂ ಈ ಲೆಕ್ಕ ಇದೆ, ನೀವು ಮರೆತಿದ್ದೀರಿ ಅಷ್ಟೆ. ಬಾರ್ಡರ್-ಇಮೇಜ್ ಎಂಬ ಗುಣ ಒಂದು ಚಿತ್ರವನ್ನು ಒಂಬತ್ತು ಭಾಗ ಮಾಡಿ, ನಾಲ್ಕು ಮೂಲೆಯನ್ನು ಮೂಲೆಗಿಟ್ಟು, ಬದಿಯ ತುಣುಕನ್ನು ಸಾಲಾಗಿ ಜೋಡಿಸಬಲ್ಲದು. ಅದಕ್ಕೆ ‘ರೌಂಡ್’ ಎಂದು ಹೇಳಿದರೆ ಅರ್ಧ ಗೋಪುರ ಉಳಿಯದಂತೆ ಅಳತೆಯನ್ನು ತುಸು ಹಿಗ್ಗಿಸಿಯೋ ಕುಗ್ಗಿಸಿಯೋ ಪೂರ್ಣಸಂಖ್ಯೆಗೆ ಹೊಂದಿಸುತ್ತದೆ. ಚಿಗವ್ವ ಮಾಡುವುದು ಇದನ್ನೇ. ಇನ್ನೊಂದು ತಮಾಷೆ ಅಂದರೆ, ಈ ಚಿತ್ರದ ಅಂಚಿನ ಮೇಲೆ ಬಾರ್ಡರ್-ರೇಡಿಯಸ್ ಆಟ ನಡೆಯುವುದೇ ಇಲ್ಲ. ನೀವು 999 ಹೇಳಿ, 9999 ಹೇಳಿ, ಕಸೂತಿಯ ಮೂಲೆ ಜಗ್ಗುವುದಿಲ್ಲ.

ಅಲಂಕಾರ ಬೇಡ ಎನ್ನಲು ನಾನ್ಯಾರು? ನನ್ನ ಅನ್ನವೇ ಅದರದು. ಲಗ್ನಪತ್ರಿಕೆ ಅಚ್ಚಾಗಿ ಮನೆಗೆ ಹೋದ ಮೇಲೆ ಹಿರಿಯರು ಅದರ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಡುತ್ತಾರೆ. ನಾನು ಕೋರೆಲ್‌ಡ್ರಾದಲ್ಲಿ ಎಷ್ಟೇ ಬಳ್ಳಿ ಹಬ್ಬಿಸಿದರೂ ಕಾರ್ಡಿನ ನಿಜವಾದ ಮೂಲೆ ಅಲಂಕಾರ ಆ ಬೆರಳ ಗುರುತೇ. ನಮ್ಮ ಕಸಬಿನವರ ಕೈಗುಣವೂ ಏನು ಕಡಿಮೆ ಇಲ್ಲ ಬಿಡಿ. ಒಂದು ಮೂಲೆಗೆ ನವಿಲು ಬಿಡಿಸಿ ಉಳಿದ ಮೂರಕ್ಕೆ ಮಿರರ್ ಒತ್ತಿದರೆ ಕೆಳಗಿನ ಎರಡು ನವಿಲು ಕಾಲು ಮೇಲಾಗಿ ನೇತಾಡುತ್ತವೆ. ಹಾಗೇ ಅಚ್ಚಾದ ಪತ್ರಿಕೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ನಿಮ್ಮ ಪುಟಗಳಲ್ಲೂ ಹಬ್ಬದ ಆಫರಿನ ದಿನ ಅದೇ ನವಿಲು, ಅದೇ ಶೀರ್ಷಾಸನ. ಇಷ್ಟರ ಮಟ್ಟಿಗೆ ನಾವಿಬ್ಬರೂ ಒಂದೇ ಕುಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪೆಟ್ಟಿಗೆಯ ಮೂಲೆ ದುಂಡಗಾದಾಗ ಒಳಗಿನ ಚಿತ್ರದ ಚೂಪು ಮೂಲೆ ಹೊರಗೆ ಇಣುಕುತ್ತದೆ. ಅದನ್ನು ಅಡಗಿಸಲು ‘ಓವರ್‌ಫ್ಲೋ ಹಿಡನ್’ ಅಂತ ಒಂದು ಸಾಲು ಹಾಕುತ್ತೀರಿ, ಹೊರಗೆ ಚಾಚಿದ್ದನ್ನೆಲ್ಲ ಕತ್ತರಿಸು ಎಂದು. ಗುಂಡಿಯ ಎತ್ತರವನ್ನೂ ಇಂಗ್ಲಿಷ್ ಅಕ್ಷರ ನೋಡಿ ಗಟ್ಟಿಯಾಗಿ ಕಟ್ಟಿರುತ್ತೀರಿ. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ, ನಮಗಿದೆ. ಅದು ಸಾಲಿನ ಕೆಳಗೇ ಕೂರುತ್ತದೆ. ನಿಮ್ಮ ಕತ್ತರಿ ಮೊದಲು ತಾಗುವುದು ಅದಕ್ಕೆ. ‘ಸಲ್ಲಿಸಿ’ ಹೋಗಿ ‘ಸಲಿಸಿ’, ‘ಒಪ್ಪಿಗೆ’ ಹೋಗಿ ‘ಒಪಿಗೆ’, ‘ರದ್ದು’ ಹೋಗಿ ‘ರದು’. ಊರುಗಳ ಪಟ್ಟಿ ಇಳಿಸಿದರೆ ಅಮ್ಮಿನಬಾವಿ ‘ಅಮಿನಬಾವಿ’ ಆಗಿರುತ್ತದೆ. ಬಾವಿಯ ದಡದಲ್ಲಿದ್ದ ಅಮ್ಮ ಹೋಗಿ, ಕೋರ್ಟಿನಿಂದ ಜಪ್ತಿಗೆ ಬರುವ ಅಮೀನ ಕುಂತ!

ಅಂಗಡಿಗೆ ಬರುವ ರೈತರೊಬ್ಬರು ಮೊಬೈಲು ನನ್ನ ಮುಂದೆ ಹಿಡಿದು, “ಇದನ್ನ ಒತ್ತಿದರ ಅರ್ಜಿ ಹೋಗ್ತೈತೋ, ಅಳಕಿ ಹೋಗ್ತೈತೋ ನೋಡ ತಮ್ಮಾ,” ಅಂದರು. ಅಕ್ಕಪಕ್ಕ ಎರಡು ಗುಂಡಿ, ಎರಡೂ ಚಂದದ ಗುಳಿಗೆಯಂತೆ ದುಂಡಗೆ, ಎರಡರ ಕೆಳಭಾಗವೂ ಮಾಯ. ಐವತ್ತು ವರ್ಷ ಕನ್ನಡ ಓದಿದ ಮನುಷ್ಯ ಗುಂಡಿಯ ಬಣ್ಣ ನೋಡಿ ಊಹಿಸಬೇಕಾಯಿತು. ಕನ್ನಡದ ಅಕ್ಷರ ಮೊದಲೇ ದುಂಡಗಿದೆ ಸ್ವಾಮಿ. ಅದಕ್ಕೆ ನಿಮ್ಮಿಂದ ಬೇಕಾದದ್ದು ದುಂಡುತನ ಅಲ್ಲ, ಕಾಲು ಚಾಚಲು ಜಾಗ.

ಜಾಗ ಬಿಡಿ ಎಂದು ನಾನೊಬ್ಬನೇ ಹೇಳುತ್ತಿಲ್ಲ. ಓದುವವರು ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗೆ ಏರಿಸಿಕೊಂಡರೂ ಪುಟದ ಯಾವ ಮಾತೂ ಕಾಣೆಯಾಗಬಾರದು ಎಂದು ವೆಬ್‌ನ ನಿಯಮ ರೂಪಿಸುವ ಡಬ್ಲ್ಯು3ಸಿ 2018ರ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ. ಕನ್ನಡದಲ್ಲಿ ಯಾರೂ ಏನೂ ಏರಿಸಿಕೊಳ್ಳುವ ಮೊದಲೇ ಒತ್ತು ಕಾಣೆ.

ಆದ್ದರಿಂದ ವಿನಂತಿ ಇಷ್ಟೇ. ಮೂಲೆಯನ್ನು ದುಂಡಾದರೂ ಮಾಡಿ, ಓರೆಯಾದರೂ ಮಾಡಿ, ಮುರಗಿ ಹಾಕಿದರೆ ಚಿಗವ್ವ ನಿಮ್ಮನ್ನು ಊಟಕ್ಕೂ ಕರೆಯುತ್ತಾಳೆ. ಎತ್ತರವನ್ನು ಮಾತ್ರ ಕಟ್ಟಿಹಾಕಬೇಡಿ. ಕನಿಷ್ಠ ಎತ್ತರ ಹೇಳಿ ಬಿಡಿ, ಬೇಕಾದಷ್ಟು ಅದೇ ಬೆಳೆದುಕೊಳ್ಳಲಿ. ಸಾಲಿಗೆ ಉಸಿರಾಡಲು ಅಂತರ ಕೊಡಿ. ಕತ್ತರಿಸುವ ಆ ಸಾಲು ಚಿತ್ರಕ್ಕೆ ಬೇಕಿದ್ದರೆ ಚಿತ್ರಕ್ಕಷ್ಟೇ ಹಾಕಿ. ಪುಟ ಬಿಡುಗಡೆ ಮಾಡುವ ಮುಂಚೆ ನಿಮ್ಮ ಅತಿ ಸುಂದರವಾದ ಗುಂಡಿಯಲ್ಲಿ ‘ಸ್ವಾತಂತ್ರ್ಯ’ ಎಂದು ಬರೆದು, ಅಗ್ಗದ ಮೊಬೈಲೊಂದರಲ್ಲಿ ನೋಡಿ. ಒತ್ತುಗಳೆಲ್ಲ ಪೂರ್ತಿ ಕಂಡರೆ ಬಿಡುಗಡೆ ಮಾಡಿ, ಕಾಣದಿದ್ದರೆ ಮೂಲೆಯ ಕೆಲಸ ಸಾಕು ಮಾಡಿ.

ಇಂತಿ,
ಅಮ್ಮಿನಬಾವಿಯ ಒಬ್ಬ ಡಿಟಿಪಿಯವ